ಎಡಗೈಯಿಂದ ಉಣ್ಣುವ ಹುಡುಗ

ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಹಲ್ಲಿ ಲೊಚಗುಟ್ಟಿದರೆ ನಡುಗುತ್ತೇನೆ, ಯಾರಾದರೂ ಕುದುರೆ ಏರಿ ಬಂದರೆ ಬಾಗಿಲ ಹಿಂದೆ ಸರಿಯುತ್ತೇನೆ. ಶಾಲೆಯ ಮಾಸ್ತರನಿಗೆ ಇಷ್ಟು ಹೆದರಿಕೆ ಇರಬಾರದು ಎಂದು ನನ್ನ ಹೆಂಡತಿ ಅನ್ನುತ್ತಾಳೆ. ಹಾಗೆ ಅನ್ನುವಾಗ ಅವಳಿಗೂ ಹೆದರುತ್ತೇನೆ. ಆದರೆ ಪುಕ್ಕಲನಿಗೆ ಬಡಾಯಿ ಇರಬಾರದೆಂದು ಎಲ್ಲಿಯೂ ಬರೆದಿಲ್ಲ. ನನ್ನ ಈಗಿನ ಫಜೀತಿಗೆ ಆ ಬಡಾಯಿಯೇ ಕಾರಣ.

ನಮ್ಮ ನರೇಗಲ್ಲಿನ ಶಾಲೆಗೆ ಕೆಲವು ವರ್ಷಗಳ ಹಿಂದೆ ಮಕ್ಕಳ ಚಿತ್ರದ ಪುಸ್ತಕಗಳು ಬಂದವು, ಕಲ್ಲಚ್ಚಿನವು. ಕಲ್ಲಿನ ಮೇಲೆ ಬರೆದದ್ದು ಕಾಗದದ ಮೇಲೆ ಎಡಬಲ ಅದಲುಬದಲಾಗಿ ಮೂಡುತ್ತದೆ. ಅಕ್ಷರ ಬರೆದವನು ಅದನ್ನು ನೆನಪಿಟ್ಟು ಉಲ್ಟಾ ಬರೆದಿದ್ದ. ಚಿತ್ರ ಬರೆದವನು ಮರೆತಿದ್ದ. ಹೀಗಾಗಿ ಊಟಕ್ಕೆ ಕುಳಿತ ಹುಡುಗ ಎಡಗೈಯಿಂದ ರೊಟ್ಟಿ ತಿನ್ನುತ್ತಿದ್ದ. ಊರೂರಿನ ಮುದುಕಿಯರು ಅಚ್ಚು ಹಾಕಿದವರ ವಂಶವನ್ನೆಲ್ಲ ಬೈದರು. ಎರಡನೆಯ ಸಲ ಅಚ್ಚಾದಾಗ ಹುಡುಗ ಬಲಗೈಗೆ ಬಂದ. ಎಡಗೈ ಇದ್ದರೆ ಮೊದಲ ಅಚ್ಚು, ಬಲಗೈ ಇದ್ದರೆ ಎರಡನೆಯದು, ಇಷ್ಟೇ ವಿದ್ಯೆ. ಇದನ್ನೇ ನಾನು ಸಂತೆಯಲ್ಲಿ ನಮ್ಮೂರ ದೇಸಾಯರ ಕಾರಕೂನನ ಮುಂದೆ ಬಹಳ ದೊಡ್ಡದು ಮಾಡಿ ಹೇಳಿದ್ದೆ.

ಕಳೆದ ವಾರ ದೇಸಾಯರ ವಾಡೆಯಿಂದ ಕರೆ ಬಂತು. ನನಗೆ ಮಾಸ್ತರಿಕೆ ಕೊಡಿಸಿದವರು ಅವರು, ಕಸಿಯಬಲ್ಲವರೂ ಅವರೇ. ನರಗುಂದದ ಕಡೆಯಿಂದ ಬರಲಿರುವ ಒಬ್ಬ ಸಾಹೇಬರಿಗೆ ಯಾವ ಪುಸ್ತಕವಾದರೂ ಮೊದಲ ಅಚ್ಚೇ ಬೇಕೆಂಬ ಹುಚ್ಚಂತೆ. ನಮ್ಮಲ್ಲಿ ಒಂದಿದೆ, ಕೊಡುತ್ತೇವೆ ಎಂದು ದೇಸಾಯರು ಮಾತು ಕೊಟ್ಟುಬಿಟ್ಟಿದ್ದರು. ಮಗಳು ಅಕ್ಷರ ಕಲಿತ ಪುಸ್ತಕವನ್ನು ತರಿಸಿ ನನ್ನ ಕೈಗಿಟ್ಟರು.

“ನೋಡ್ರಿ ಮಾಸ್ತರ, ಮೊದಲನೇ ಅಚ್ಚು ಹೌದಿಲ್ರಿ ಇದು?”

ತೆರೆದೆ. ಹುಡುಗ ಬಲಗೈಯಿಂದ ಉಣ್ಣುತ್ತಿದ್ದ. ಅಂದರೆ ಎರಡನೆಯ ಅಚ್ಚು, ದೇಸಾಯರು ಕೊಟ್ಟ ಮಾತು ಹೋಯಿತು. ಉತ್ತರಕ್ಕೆ ಸ್ವಲ್ಪ ಹೊತ್ತು ಸಿಗಲಿ ಎಂದು ಪುಟವನ್ನು ಬೆಳಕಿಗೆ ಹಿಡಿದೆ. ಎಡಗೈ ಇರಬೇಕಾದಲ್ಲಿ ಕಾಗದ ಹೆರೆದು ತೆಳ್ಳಗಾಗಿತ್ತು. ಹುಡುಗನ ಮೈಯೆಲ್ಲ ಕಪ್ಪು ಗೆರೆ, ಬಲಗೈ ಮಾತ್ರ ಕಂದು. ಮೊದಲ ಅಚ್ಚೇ ಅದು. ಯಾರೋ ಆಮೇಲೆ ತಿದ್ದಿದ್ದರು. ಬದುಕಿದೆ ಎಂದುಕೊಂಡ ಮರುಗಳಿಗೆಯೇ ಆ ಕಂದು ಮಸಿಯ ಗುರುತು ಸಿಕ್ಕಿತು. ಅಳಲೆಕಾಯಿ ಕುದಿಸಿ ನಾನೇ ಮಾಡುವ ಮಸಿ. ಮಕ್ಕಳು ಎಡಗೈಯಲ್ಲಿ ಉಣ್ಣುವುದನ್ನು ಕಲಿತಾವು, ತಾಯಂದಿರು ನನ್ನ ಮನೆಗೆ ಬಂದು ಜಗಳ ತೆಗೆದಾರು ಎಂದು ಹೆದರಿ, ಶಾಲೆಗೆ ಬಂದ ಪುಸ್ತಕಗಳನ್ನು ಚಾಕುವಿನಿಂದ ಹೆರೆದು ತಿದ್ದಿದವನು ನಾನೇ, ಆಮೇಲೆ ಮರೆತೂ ಬಿಟ್ಟಿದ್ದೆ. ದೇಸಾಯರ ಮಗಳಿಗೆ ಕೊಟ್ಟದ್ದು ಅವುಗಳಲ್ಲೇ ಒಂದು.

“ಮೊದಲನೇದ ಐತ್ರಿ,” ಅಂದೆ. “ಆದ್ರ ಎಡಗೈ ಹೆರದು ಬಲಗೈ ಬರದಾರ್ರಿ.”

“ಯಾರು?”

“ಯಾರೋ ತಿಳಿಗೇಡಿ ಇರಬೇಕ್ರಿ.”

“ಸಾಹೇಬ್ರಿಗೆ ಏನ ಹೇಳ್ಲಿ ನಾ? ಆ ಮನಶ್ಯಾನ್ನ ಲಗೂ ಹುಡುಕ್ರಿ. ಇದೆಲ್ಲಾ ಗುರುತ ಹಿಡಿಯಾವ್ರು ನಿಮ್ಮನ್ನ ಬಿಟ್ಟ ಯಾರದಾರ?”

ಅಂದಿನಿಂದ ನನ್ನನ್ನು ನಾನೇ ಹುಡುಕುತ್ತಿದ್ದೇನೆ. ದಿನವೂ ವಾಡೆಗೆ ಹೋಗಿ, “ಇನ್ನೂ ಸಿಕ್ಕಿಲ್ರಿ” ಎಂದು ಹೇಳಿ ಬರುತ್ತೇನೆ. “ಖರೇ ಏನದ ಹೇಳಿಬಿಡ್ರಲಾ, ನುಂಗ್ತಾರೇನ ಅವರು?” ಅನ್ನುತ್ತಾಳೆ ಹೆಂಡತಿ. ನುಂಗುತ್ತಾರೆಂದೇ ನನ್ನ ಅಂದಾಜು.

ಇವತ್ತು ದೇಸಾಯರು ಬಹಳ ಮೆತ್ತಗೆ ಮಾತಾಡಿದರು. ಅವರು ಒದರಾಡಿದರೇ ನನಗೆ ಸಮಾಧಾನ. “ಹುಡುಕೂದು ಸಾಕು ಬಿಡ್ರಿ ಮಾಸ್ತರ. ಸಾಲ್ಯಾಗಿನ ಪುಸ್ತಕ ಅದಾವಲ್ಲ, ನಾಳೆ ಅಷ್ಟೂ ತಗೊಂಡ ಬರ್ರಿ. ಒಂದರಾಗರ ಎಡಗೈ ಉಳದಿರಬೇಕು.”

ಶಾಲೆಯಿಂದ ಅವನ್ನು ಮನೆಗೆ ಹೊತ್ತು ತಂದು ಒಂದೊಂದಾಗಿ ತೆರೆದೆ. ಬೇಸತ್ತು ಯಾವುದಾದರೂ ಒಂದನ್ನು ಹಾಗೆಯೇ ಬಿಟ್ಟಿರಬಹುದು ಎಂಬ ಆಸೆ. ಹನ್ನೆರಡು ಪುಸ್ತಕ, ಹನ್ನೆರಡು ಕಂದು ಬಲಗೈ. ಇಷ್ಟು ವರ್ಷದ ಮಾಸ್ತರಿಕೆಯಲ್ಲಿ ನಾನು ಒಂದನ್ನೂ ಬಿಡದೆ ಪೂರ್ತಿ ಮಾಡಿ ಮುಗಿಸಿದ ಕೆಲಸ ಇದೊಂದೇ.