ಗಾಜಿನ ತೊಟ್ಟಿಯಲ್ಲಿ ನಾಟಿ

ಮನುಷ್ಯನ ಬಾಳಿನಲ್ಲಿ ಎದುರಾಗುವ ಮಹಾ ಪ್ರಶ್ನೆಗಳನ್ನು ಬಲ್ಲವರು ನಾನಾ ಬಗೆಯಲ್ಲಿ ಪಟ್ಟಿ ಮಾಡಿದ್ದಾರೆ. ನೀರಿನೊಳಗೆ ಬೆಳೆಯುವ ಗಿಡದ ಎಲೆ ಕೊಳೆತರೆ ಅದು ಸತ್ತಿದೆಯೆನ್ನಬೇಕೋ ಬದುಕಿದೆಯೆನ್ನಬೇಕೋ ಎಂಬುದನ್ನು ಮಾತ್ರ ಯಾರೂ ಸೇರಿಸಿಲ್ಲ. ಸೇರಿಸಬೇಕಿತ್ತು. ಆಗಸ್ಟಿನ ಒಂದು ಭಾನುವಾರ ಬೆಳಿಗ್ಗೆ, ಬಳ್ಳಾರಿಯ ಪಾರ್ವತಿನಗರದಲ್ಲಿ, ಭೀಮರಾಜನ ಇಡೀ ಭವಿಷ್ಯ ಈ ಪ್ರಶ್ನೆಯ ಮೇಲೆ ಒಂಟಿಕಾಲಲ್ಲಿ ನಿಂತಿತ್ತು.

ಭೀಮರಾಜ, ರೈತರಿಗೆ ಬೀಜ, ಗೊಬ್ಬರ ಮತ್ತು ಉಪದೇಶ ಹಂಚುವ ಒಂದು ಸರ್ಕಾರಿ ಕಚೇರಿಯ ಗುಮಾಸ್ತ. ಮನೆ ಬಳ್ಳಾರಿಯಲ್ಲಿ, ಕುರ್ಚಿ ಭತ್ತದ ನಾಡು ಸಿರುಗುಪ್ಪದಲ್ಲಿ. ಏಳು ವರ್ಷ ದಿನಾ ಹೋಗಿ ಬಂದು, ದಾರಿಯ ಒಂದೊಂದು ಗುಂಡಿಗೂ ಅವನ ಬೆನ್ನುಮೂಳೆಯ ಪರಿಚಯವಿತ್ತು. ಅವನನ್ನು ಬಳ್ಳಾರಿಗೆ ತರಬಲ್ಲವರು ಮೇಲಧಿಕಾರಿ ಚಂದ್ರಣ್ಣ ಸಾಹೇಬರೊಬ್ಬರೇ. ವರ್ಗಾವಣೆಯ ಶಿಫಾರಸಿನ ಪಟ್ಟಿ ಸೋಮವಾರ ಹೋಗುವುದಿತ್ತು. ಅದರಲ್ಲಿ ಭೀಮರಾಜನದು ಎರಡನೇ ಹೆಸರು. ಹತ್ತು ದಿನದ ಹಿಂದೆ ಸಾಹೇಬರು ಮಗಳ ಬಾಣಂತನಕ್ಕೆಂದು ಊರಿಗೆ ಹೊರಟಾಗ ತಮ್ಮ ಮೀನಿನ ತೊಟ್ಟಿಯನ್ನು ಅವನ ಮನೆಗೆ ಕಳಿಸಿದ್ದರು.

"ಮೀನು ಸತ್ರ ಇನ್ನೊಂದು ತರಬಹುದು, ಭೀಮರಾಜ. ಗಿಡ ಹುಷಾರು. ಮೂರು ವರ್ಷದಿಂದ ಬೆಳಸೀನಿ," ಎಂದಿದ್ದರು.

ಗಿಡಕ್ಕೆ ಬೆಳಕು ಬೇಕೆಂದು ಎಲ್ಲೋ ಓದಿದ ಭೀಮರಾಜ ತೊಟ್ಟಿಯನ್ನು ಪಡುವಣ ಕಿಟಕಿಗೆ ಸರಿಸಿದ. ಬಳ್ಳಾರಿಯ ಬಿಸಿಲಿಗೆ ಗಿಡ ಬೆಳೆಯಲಿಲ್ಲ, ಬೆಂದಿತು. ಮೂರನೇ ದಿನ ತೊಟ್ಟಿಯಲ್ಲಿ ಉಳಿದದ್ದು ಮೂರು ಕೆಂಪು ಮೀನು ಮತ್ತು ಸೊಪ್ಪಿನ ಸಾರು. ಫೋನಿನಲ್ಲಿದ್ದ ತೊಟ್ಟಿಯ ಹಳೆಯ ಫೋಟೋಕ್ಕೆ ಹೋಲಿಸಿ ಹೋಲಿಸಿ, ಉದ್ದ ಹುಲ್ಲಿನಂಥ ಅದೇ ಗಿಡವನ್ನು ಆನ್‌ಲೈನಿನಲ್ಲಿ ತರಿಸಿದ. ಎರಡು ದಿನದಲ್ಲಿ ಬರಬೇಕಾದ ಪೆಟ್ಟಿಗೆ ನಾಲ್ಕೂರು ನೋಡಿಕೊಂಡು ಆರನೇ ದಿನ ಬಂತು. ಅದೇ ಸಂಜೆ ಐದಕ್ಕೆ ಸಾಹೇಬರು ಬರುವವರಿದ್ದರು.

"ಒಳಗ ಏನೈತ್ರಿ ಸಾರ್? ನನ್ನ ಬ್ಯಾಗೆಲ್ಲಾ ನಾರಾಕತ್ತೈತಿ," ಎಂದು ಪೆಟ್ಟಿಗೆ ತಂದವನು ಸಹಿಗೂ ಕಾಯದೆ ಹೋದ.

ಬಿಚ್ಚಿದರೆ, ಒದ್ದೆ ಕಾಗದದೊಳಗೆ, ಊಟದ ಡಬ್ಬಿಯಲ್ಲಿ ನಾಲ್ಕು ದಿನ ಮರೆತ ಪಲ್ಯದಂಥ ಒಂದು ಮುದ್ದೆ. ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ಎಲ್ಲಮ್ಮ ಕತ್ತು ಚಾಚಿದಳು.

"ಏನು ಭೀಮಣ್ಣ, ಪುಂಡಿಪಲ್ಯನೂ ಪಾರ್ಸಲ್ ತರಸ್ತಿಯೇನು?"

"ಪುಂಡಿಪಲ್ಯ ಅಲ್ಲಕ್ಕ. ನೀರಾಗ ಬೆಳಿಯೋ ಗಿಡ."

"ಕೊಳತೈತಲ್ಲಪ್ಪ. ಈಗ ಕೊಳತದ್ದೂ ಮನಿಬಾಗಿಲಿಗೆ ಕಳಿಸ್ತಾರೇನು?"

ಉತ್ತರಕ್ಕೆ ಕಾಯದೆ ಎಲ್ಲಮ್ಮ ಒಳಗೆ ಹೋಗಿ ಒಂದು ಸ್ಟೂಲು ತಂದು ಹಾಕಿಕೊಂಡಳು. ಪಾರ್ವತಿನಗರದಲ್ಲಿ ಎಲ್ಲಮ್ಮ ಸ್ಟೂಲು ತಂದಳೆಂದರೆ ಆ ದಿನ ಬೇರೆ ಕೆಲಸ ಇಟ್ಟುಕೊಂಡಿಲ್ಲವೆಂದೇ ಅರ್ಥ.

ಪೆಟ್ಟಿಗೆಯ ತಳದಲ್ಲಿ ಒಂದು ಚೀಟಿಯಿತ್ತು. ಗಾಬರಿಯಾಗಬೇಡಿ, ಪ್ರಯಾಣದ ಬಳಲಿಕೆಗೆ ಎಲೆ ಕೊಳೆಯುವುದು ಸಹಜ, ಬೇರು ಗಟ್ಟಿಯಿದ್ದರೆ ಗಿಡ ಬದುಕಿದೆ, ಎಲೆ ಕತ್ತರಿಸಿ, ಬೇರನ್ನು ಮರಳಿನಲ್ಲಿ ನೆಟ್ಟು, ಮೂರು ವಾರ ಕಾಯಿರಿ. ಭೀಮರಾಜ ಬೇರು ಹಿಸುಕಿ ನೋಡಿದ. ಗಟ್ಟಿಯಿತ್ತು. ಗೋಡೆಯ ಗಡಿಯಾರ ನೋಡಿದ. ಹತ್ತೂವರೆ. ಮೂರು ವಾರದ ಕೆಲಸಕ್ಕೆ ಆರೂವರೆ ತಾಸು ಉಳಿದಿತ್ತು.

ಆದರೂ ಅವನು ಕತ್ತರಿ ಹಿಡಿದ, ಎಲೆ ಬಿಡಿಸಿದ, ಒಂದೊಂದೇ ಬೇರನ್ನು ಬೆರಳಿನಿಂದ ಮರಳಿಗೆ ಒತ್ತಿದ. ಇದನ್ನು ನೆಟ್ಟರೆ ಅದು ಮೇಲೇಳುತ್ತಿತ್ತು, ಅದನ್ನು ನೆಟ್ಟರೆ ಇದು. ಊಟ ಮುಗಿದ ಮೇಲೆ ಭಾಷಣಕ್ಕೆ ಕೂರಿಸಿದ ಜನದಂತೆ. ಕೊನೆಗೆ ನಿಂತವು. ನಿಂತ ಮೇಲೆ ತೊಟ್ಟಿ ಕೊಯ್ಲು ಮುಗಿದ ಹೊಲದಂತೆ ಬೋಳಾಗಿ ಕಂಡಿತು.

ಆಗ ಬಂದರು ಗಾದೆಪ್ಪ. ಭೀಮರಾಜನ ಹೆಂಡತಿ ಸರೋಜಾಳ ತಂದೆ. ಕುರುಗೋಡಿನಲ್ಲಿ ಐವತ್ತು ವರ್ಷ ಭತ್ತ ಬೆಳೆದವರು. ಕನ್ನಡಕ ರಿಪೇರಿಗೆಂದು ಬಳ್ಳಾರಿಗೆ ಬಂದಿದ್ದರು. ತೊಟ್ಟಿಯೆದುರು ಎರಡು ನಿಮಿಷ ಕುಕ್ಕರಗಾಲಲ್ಲಿ ಕೂತರು.

"ಅಳಿಯಪ್ಪ, ತಪ್ಪು ತಿಳಕೋಬ್ಯಾಡ್ರಿ. ಇದಕ್ಕ ನಾಟಿ ಅನ್ನಂಗಿಲ್ಲ. ಬರೇ ಮರಳಿನ್ಯಾಗ ಯಾವ ಸಸಿ ನಿಲ್ತೈತಿ? ಕೆಸರು ಬೇಕು."

"ಮಾವಾ, ಇದು ಗದ್ದಿ ಅಲ್ಲ…"

"ನೀರು ನಿಂತೈತಿ, ಸಸಿ ನಟ್ಟೀರಿ. ಮತ್ತೇನಿದು?"

ಭೀಮರಾಜ ಬಾಯಿ ತೆರೆಯುವುದರೊಳಗೆ ಮಾವ ಪಕ್ಕದ ಖಾಲಿ ಸೈಟಿನಿಂದ ಒಂದು ಪುಟ್ಟಿ ಎರೆಮಣ್ಣು ತಂದು ತೊಟ್ಟಿಗೆ ಸುರಿದಾಗಿತ್ತು. ನೀರು ಚಹದ ಬಣ್ಣಕ್ಕೆ ತಿರುಗಿತು.

"ಮೀನು ಕಾಣವಲ್ವು ಮಾವಾ."

"ಅಲ್ಲೇ ಅದಾವ. ಎಲ್ಲಿಗೆ ಹೋಗ್ತಾವ?" ಎನ್ನುತ್ತ ಗಾದೆಪ್ಪ, ಸರೋಜಾ ಗುಲಾಬಿ ಕುಂಡಕ್ಕೆಂದು ಇಟ್ಟಿದ್ದ ಡಬ್ಬಿಯಿಂದ ಒಂದು ಹಿಡಿ ಯೂರಿಯಾವನ್ನೂ ಎರಚಿದರು. ನಾಟಿಯಾದ ಮೇಲೆ ಮೇಲುಗೊಬ್ಬರ ಕೊಡದೆ ಎದ್ದ ದಿನ ಅವರ ಜೀವಮಾನದಲ್ಲಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮೀನು ಕಂಡವು. ಮೂರೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

"ಅಪ್ಪಾ, ಅವು ಸಾಯಾಕತ್ಯಾವ," ಎಂದು ಸರೋಜಾ ಅಕ್ಕಿ ಸೋಸುವ ಜಾಲರಿಯಲ್ಲಿ ಅವನ್ನು ಎತ್ತಿ, ಕುಡಿಯುವ ನೀರಿನ ಕೊಡಕ್ಕೆ ಬಿಟ್ಟಳು. ತೊಟ್ಟಿಯನ್ನು ಬಚ್ಚಲಿಗೆ ಬಗ್ಗಿಸಿದ್ದಾಯಿತು. ಕೆಸರಿನ ಜೊತೆ ಬೇರುಗಳೂ ಮೋರಿ ಸೇರಿದವು. ಅದು ಭೀಮರಾಜನಿಗೆ ತಿಳಿದದ್ದು ತೊಟ್ಟಿ ತೊಳೆದು ಮುಗಿದ ಮೇಲೆ. ತೊಳೆದದ್ದರಲ್ಲಿ ಮನೆಯ ನೀರೂ ಮುಗಿದಿತ್ತು. ನಳದಲ್ಲಿ ನೀರು ಬಂದು ಆರು ದಿನವಾಗಿತ್ತು.

"ನೀರು ನನ್ನ ಡ್ರಮ್ಮಿನ್ಯಾಗ ಐತಿ, ಕೊಡ್ತೀನಿ," ಎಂದಳು ಎಲ್ಲಮ್ಮ ಕೂತಲ್ಲಿಂದಲೇ. "ಆದ್ರ ಮೊದ್ಲ ಹೇಳು, ಯಾರ ಮೀನಿವು? ಯಾಕ ಇಷ್ಟು ಬೆವರ್ತಿ?"

ಭೀಮರಾಜ ಎಲ್ಲ ಹೇಳಿದ. ಆರು ಕೊಡ ನೀರು ಹೊತ್ತು ಮುಗಿಸುವ ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿತ್ತು. ಎದುರುಮನೆಯ ಹೊನ್ನೂರಸ್ವಾಮಿ ಪ್ಲಾಸ್ಟಿಕ್ ಗಿಡ ಇಡಬೇಕೆಂದ. ಇನ್ಯಾರೋ ಗಣಪತಿ ಗುಡಿಯ ಗರಿಕೆ ಸಾಕೆಂದರು. "ಸಾಹೇಬ್ರು ಬಂದಾಗ ಕರೆಂಟು ಹೋಗೈತಿ ಅಂದುಬಿಡು," ಎಂದಳು ಎಲ್ಲಮ್ಮ. ಐದು ಗಂಟೆಗೆ ಬಳ್ಳಾರಿಯಲ್ಲಿ ಎಂಥ ಬೆಳಕಿರುತ್ತದೆಂದು ಅವಳಿಗೆ ನೆನಪಾಗಲಿಲ್ಲ.

ಗಾದೆಪ್ಪ ಮಾತ್ರ ಫೋನಿನ ಫೋಟೋವನ್ನು ದೂರ ಹಿಡಿದು ನೋಡುತ್ತಿದ್ದರು. "ಇದಕ್ಕ ಇಷ್ಟು ಒದ್ದಾಟ? ನನ್ನ ಸಸಿಮಡಿಯೊಳಗ ಇಂಥಾದ್ದು ಎಷ್ಟು ಬೇಕು ಅಷ್ಟೈತಿ. ಗಾಡಿ ತೆಗೀರಿ."

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ; ಇಲ್ಲಿ ಒಂದು ಕಟ್ಟೇ ಸಿಗುವುದಿತ್ತು. ಭೀಮರಾಜ ಸ್ಕೂಟರಿನಲ್ಲಿ ಮಾವನನ್ನು ಕೂರಿಸಿಕೊಂಡು ಕುರುಗೋಡಿಗೆ ಹೋಗಿ, ಒಂದು ಕಟ್ಟು ಭತ್ತದ ಸಸಿ ತಂದ. ಗಾದೆಪ್ಪ ಪಂಚೆ ಮೇಲೆ ಕಟ್ಟಿ, ತೊಟ್ಟಿಯ ತಳದಲ್ಲುಳಿದ ಮರಳಿನಲ್ಲೇ ಗೇಣು ಬಿಟ್ಟು, ಗುಣಿಗೆ ಮೂರರಂತೆ ಸಾಲು ಹಿಡಿದು ನೆಟ್ಟರು. ಒಂದೂ ಮೇಲೇಳಲಿಲ್ಲ. ಸರೋಜಾ ಮೀನು ಬಿಟ್ಟಳು. ಹಸಿರಿನ ನಡುವೆ ಕೆಂಪು ಮಿಂಚಿತು. ನೋಡುತ್ತ ನಿಂತವರಲ್ಲಿ ಒಬ್ಬರು "ಮೊದ್ಲಿಗಿಂತ ಚಲೋ ಆತು" ಎಂದರು.

ಐದಕ್ಕೆ ಹತ್ತು ನಿಮಿಷವಿತ್ತು. ಭೀಮರಾಜ ಬೆಳಗಿನಿಂದ ಹಿಡಿದಿದ್ದ ಉಸಿರು ಬಿಟ್ಟ. ಬಿಟ್ಟ ಮೇಲೆ ಅವನಿಗೆ ನೆನಪಾಯಿತು: ಚಂದ್ರಣ್ಣ ಸಾಹೇಬರು ಕೃಷಿ ಓದಿದವರು. ಅದರಲ್ಲೂ ಭತ್ತ.

ಗೇಟಿನ ಸದ್ದಾಯಿತು.

ಸಾಹೇಬರು ಬಂದರು, ಬಗ್ಗಿದರು, ಕನ್ನಡಕ ಏರಿಸಿದರು. ತೊಟ್ಟಿಯೊಳಗೆ ಎರಡು ಬೆರಳಿಟ್ಟು ಒಂದು ಗರಿಯನ್ನು ಸವರಿದರು. ಹೊರಗೆ ಎಲ್ಲಮ್ಮನ ಸ್ಟೂಲು ಕಿರ್ ಎಂದಿತು.

"ಭೀಮರಾಜ."

"ಸಾರ್."

"ಇದು ಸೋನಾಮಸೂರಿ."

ಸಾಹೇಬರ ಬೆರಳು ಪಕ್ಕದ ಗುಣಿಗೆ ಸರಿಯಿತು.

"ಎಷ್ಟು ದಿನದ ಸಸಿ?"

"ಇಪ್ಪತ್ತೈದು ದಿನದ್ದರಿ ಸಾಹೇಬ್ರ," ಎಂದರು ಗಾದೆಪ್ಪ ಹಿಂದಿನಿಂದ, ಅಭಿಮಾನದಿಂದ.

ಭೀಮರಾಜ ಕಣ್ಣು ಮುಚ್ಚಿಕೊಂಡ. ಪಟ್ಟಿಯಿಂದ ತನ್ನ ಹೆಸರು ಎದ್ದು ಹೋಗುವುದು ಮುಚ್ಚಿದ ಕಣ್ಣಿಗೇ ಕಂಡಿತು. ಆಮೇಲೆ ಕೇಳಿಸಿದ್ದು ಫೋನಿನಲ್ಲಿ ಫೋಟೋ ತೆಗೆಯುವ ಸದ್ದು. ಕಣ್ಣು ಬಿಟ್ಟರೆ ಸಾಹೇಬರು ತೊಟ್ಟಿಯನ್ನು ನಾಲ್ಕೂ ಕಡೆಯಿಂದ ಹಿಡಿಯುತ್ತಿದ್ದರು.

"ಭತ್ತದೊಳಗ ಮೀನು," ಎಂದರು ಮೆಲ್ಲಗೆ. "ಮ್ಯಾಲಿನವ್ರು ಒಂದು ವರ್ಷದಿಂದ ಕೇಳಾಕತ್ತಾರ, ಗದ್ದ್ಯಾಗ ಮೀನು ಸಾಕಿ ರೈತರಿಗೆ ತೋರ್ಸೋರು ನಿಮ್ಮಲ್ಲಿ ಯಾರಾದ್ರೂ ಅದಾರೇನು ಅಂತ. ಆಫೀಸಿನ್ಯಾಗ ಎಲ್ಲಾರೂ ಮಾರಿ ಆ ಕಡೆ ಮಾಡಿದ್ರು. ನೀವು ಹೇಳದ ಕೇಳದ ಮನ್ಯಾಗ ಮಾಡಿ ತೋರಿಸೀರಿ."

"ಸಾರ್, ನಿಮ್ಮ ಗಿಡ…"

"ಗಿಡ ಹಾಳಾಗಿ ಹೋಗ್ಲಿ ಬಿಡ್ರಿ."

ಸರೋಜಾ ಚಹಾ ತಂದಳು. ಗಾದೆಪ್ಪ ಮೀಸೆ ತಿರುವಿಕೊಂಡರು. ಬೀದಿಯ ಜನ ತಾವೇ ನೆಟ್ಟವರಂತೆ ನಕ್ಕರು. ಭೀಮರಾಜನೂ ನಕ್ಕ, ಏಳು ವರ್ಷದಲ್ಲಿ ಸಾಹೇಬರ ಮುಂದೆ ಮೊದಲ ಸಲ.

"ಹಂಗಾರ ಸಾರ್, ಬಳ್ಳಾರಿಗೆ ಬಂದ ಮ್ಯಾಲೆ ಇದನ್ನ…"

"ಬಳ್ಳಾರಿಯೊಳಗ ಗದ್ದಿ ಎಲ್ಲೈತ್ರಿ?" ಎಂದರು ಸಾಹೇಬರು ಚಹಾ ಹೀರುತ್ತ.

ಸೋಮವಾರ ಹೋದ ಪಟ್ಟಿಯಲ್ಲಿ ಭೀಮರಾಜನ ಹೆಸರಿರಲಿಲ್ಲ. ಭತ್ತದ ಗದ್ದೆಯಲ್ಲಿ ಮೀನು ಸಾಕುವ ಪ್ರಾತ್ಯಕ್ಷಿಕೆಗೆ ಅವನನ್ನು ಉಸ್ತುವಾರಿಯಾಗಿ ನೇಮಿಸಿ, ಇನ್ನು ಮೂರು ವರ್ಷ ಸಿರುಗುಪ್ಪದಲ್ಲೇ ಉಳಿಸಿಕೊಳ್ಳಲಾಯಿತು.