ಎರಡನೇ ಸಾಕ್ಷಿ

ಅರ್ಧವಕೀಲನ ಬಲಗೈಗೆ ಒಂದು ಚಾಳಿ ಇತ್ತು. ಕಾಗದದ ಬುಡದಲ್ಲಿ ‘ಸಾಕ್ಷಿ’ ಎಂದು ಬರೆದು ಅದರ ಮುಂದೊಂದು ಖಾಲಿ ಗೆರೆ ಎಳೆದಿದ್ದರೆ ಸಾಕು, ಯಜಮಾನನ ಅಪ್ಪಣೆಗೂ ಕಾಯದೆ ಹೋಗಿ ಸಹಿ ಹಾಕಿಬಿಡುತ್ತಿತ್ತು, ತೆರೆದ ಅಡುಗೆಮನೆ ಕಂಡ ಬೆಕ್ಕಿನ ಹಾಗೆ.

ತಪ್ಪು ಕೈಯದಲ್ಲ, ಕಸುಬಿನದು. ಇಪ್ಪತ್ತೆರಡು ವರ್ಷಗಳಿಂದ ಅವನು ನೋಂದಣಿ ಕಚೇರಿಯ ಎದುರಿನ ಕಟ್ಟಡದಲ್ಲಿ ಮೆಟ್ಟಿಲ ಕೆಳಗೆ ಕೂತು ಕ್ರಯಪತ್ರ, ಬಾಡಿಗೆ ಕರಾರು, ಉಯಿಲು ಟೈಪು ಮಾಡುತ್ತ ಬಂದವನು. ಉಯಿಲಿಗೆ ಇಬ್ಬರು ಸಾಕ್ಷಿ ಬೇಕು. ಜನ ಒಬ್ಬರನ್ನು ಕರೆತರುತ್ತಾರೆ. ಇನ್ನೊಬ್ಬರೆಲ್ಲಿ ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ಆಗ ಇವನು “ಕೊಡಿ ಇಲ್ಲಿ” ಎಂದು ತಾನೇ ಎರಡನೇ ಸಾಕ್ಷಿಯಾಗುತ್ತಿದ್ದ. ಊರ ಸ್ಮಶಾನದಲ್ಲಿ ಮಲಗಿರುವವರ ಪೈಕಿ ಕಾಲುಪಾಲು ಮಂದಿಯ ಕೊನೆಯ ಇಚ್ಛೆಗೆ ಇವನ ಸಹಿ ಇತ್ತು. ಜೊತೆಗೆ ಚರಾಸ್ತಿ, ಸ್ಥಿರಾಸ್ತಿ, ಉಳಿಕೆ ಆಸ್ತಿ ಎಂದು ಕೇಳಿದವರಿಗೂ ಕೇಳದವರಿಗೂ ಅರ್ಥ ಹೇಳುವ ಉತ್ಸಾಹ. ಮಹಡಿ ಮೇಲೆ ಕೂರುವ ಪೂರ್ತಿ ವಕೀಲರು ಅವನಿಗೆ ಅರ್ಧವಕೀಲ ಎಂದು ಹೆಸರಿಟ್ಟದ್ದು ಇದೇ ಕಾರಣಕ್ಕೆ. ಅವನು ಅದನ್ನು ಬಿರುದು ಎಂದೇ ತಿಳಿದಿದ್ದ.

ಹೋದ ತಿಂಗಳು ಅವನ ಸೋದರತ್ತೆ, ಎಂಬತ್ತೊಂದರ ಹಿರಿಜೀವ, ತನ್ನ ಮನೆಯನ್ನು ಅವನ ಹೆಸರಿಗೆ ಉಯಿಲು ಬರೆಸಿದ್ದಳು. ಟೈಪು ಮಾಡಿದ್ದು ಅವನೇ. ನಾಳೆ ಬೆಳಿಗ್ಗೆ ಅತ್ತೆಗೆ ಸೊಂಟದ ಆಪರೇಷನ್. “ಒಂದ್ಸಲ ಆ ಕಾಗದಾನ ಮೇಲಿನವರಿಗೆ ತೋರಿಸಿಬಿಡ್ರೀ,” ಎಂದು ಹೆಂಡತಿ ಒಂದು ವಾರದಿಂದ ಕಿವಿ ಕೊರೆದಿದ್ದಳು. ಅವಳ ಆತುರಕ್ಕೆ ಅರ್ಥವಿತ್ತು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಒಂದೇ ಮೇಜಿನಲ್ಲಿ ಸರದಿಯ ಮೇಲೆ ಓದುತ್ತಿದ್ದರು. ಮನೆಯೊಡೆಯ ಮುಂದಿನ ತಿಂಗಳು ಖಾಲಿ ಮಾಡಿ ಎಂದಿದ್ದ.

ಇವತ್ತು ಬೆಳಿಗ್ಗೆ ಮಹಡಿಯ ವಕೀಲರೊಬ್ಬರು ಉಯಿಲನ್ನು ಓದಿದರು. ಕೊನೆಗೆ ಬಂದು ಕನ್ನಡಕ ತೆಗೆದರು.

“ಮನೆ ಯಾರಿಗಯ್ಯಾ?”

“ನನಗೇ ಸಾರ್.”

“ಎರಡನೇ ಸಾಕ್ಷಿ ಯಾರು?”

“ನಾನೇ ಸಾರ್. ಆ ದಿನ ಒಬ್ಬರೇ ಸಿಕ್ಕಿದ್ರು. ಗೆರೆ ಖಾಲಿ ಇತ್ತು...”

ವಕೀಲರು ನಕ್ಕ ನಗೆಗೆ ಕಿಟಕಿಯ ಪಾರಿವಾಳ ಹಾರಿಹೋಯಿತು. “ಸಾಕ್ಷಿ ಹಾಕಿದವನಿಗೆ ಆ ಉಯಿಲಿನಲ್ಲಿ ಒಂದು ಸೂಜೀನೂ ಸಿಗಲ್ಲ ಕಣಯ್ಯಾ. ಆಸೆ ಇರೋನು ಸಾಕ್ಷಿ ಹೇಳಬಾರದು ಅಂತ ಕಾನೂನು. ಉಯಿಲು ನಿಲ್ಲುತ್ತೆ, ನೀನು ಬೀಳ್ತೀಯ.”

“ಹಾಗಾದ್ರೆ ಮನೆ?”

“ಉಳಿಕೆ ಆಸ್ತಿಗೆ ಸೇರುತ್ತೆ. ಉಳಿದಿದ್ದೆಲ್ಲ ಯಾರಿಗೆ ಅಂತ ಬರೆದಿದ್ದೀಯ ನೋಡು.”

ನೋಡಬೇಕಾಗಿರಲಿಲ್ಲ, ನೆನಪಿತ್ತು. ಮನೆ ಬಿಟ್ಟರೆ ಅತ್ತೆಯ ಬಳಿ ಉಳಿಯುವುದು ಒಂದು ಕೊಡೆ, ಒಂದು ಸ್ಟೂಲು, ಬೀಗದ ಕೈ ಕಳೆದ ಒಂದು ಟ್ರಂಕು. “ಅದು ನಮ್ಮ ಮುಂದಿನ ಕೋಣೇಲಿ ಬಾಡಿಗೆಗಿರೋ ಹಲ್ಲಿನ ಡಾಕ್ಟ್ರಿಗೆ ಇರಲಿ ಬಿಡೋ. ನನ್ನ ಕೊನೇ ಹಲ್ಲು ನೋವಿಲ್ಲದೆ ಕಿತ್ತ ಪುಣ್ಯಾತ್ಮ,” ಎಂದಿದ್ದಳು ಅತ್ತೆ. ಇವನು ಮುಗುಳ್ನಗುತ್ತ ಟೈಪು ಮಾಡಿದ್ದ. ದೀಪದ ಬುಡದಲ್ಲೇ ಕತ್ತಲು ಎನ್ನುವುದು ಸುಳ್ಳಲ್ಲ.

“ಇನ್ನೂ ಬದುಕಿದ್ದಾರಲ್ಲ ನಿಮ್ಮತ್ತೆ? ಹೊಸದು ಬರೆಸು, ಬೇರೆ ಸಾಕ್ಷಿ ಹಾಕಿಸು,” ಎಂದರು ವಕೀಲರು. “ಆ ಕೈಯನ್ನ ಮಾತ್ರ ಜೇಬಲ್ಲಿ ಇಟ್ಕೋ.”

ಹನ್ನೊಂದು ಗಂಟೆಯೊಳಗೆ ಹೊಸ ಉಯಿಲು ಸಿದ್ಧವಾಯಿತು. ಈ ಸಲ ಮನೆಯೂ ತನಗೆ, ಉಳಿದದ್ದೂ ತನಗೆ ಎಂದು ಟೈಪು ಮಾಡಿ ಮೂರು ಸಲ ಓದಿದ. ಕಚೇರಿ ಮುಂದೆ ದಿನವಿಡೀ ಸಾಕ್ಷಿ ಹಾಕಲೆಂದೇ ನಿಂತಿರುವ ಇಬ್ಬರನ್ನು ಕರೆದೊಯ್ಯಬಹುದಿತ್ತು. ಆದರೆ ಫೋನಿನಲ್ಲಿ ಅತ್ತೆ ಖಡಾಖಂಡಿತ ಹೇಳಿದಳು: “ಗುರುತಿಲ್ಲದವರ ಮುಂದೆ ನಾನು ಸಹಿ ಹಾಕೋಳಲ್ಲ. ನಮ್ಮ ಬೀದಿಯವರನ್ನ ಕರ್ಕೊಂಡು ಬಾ.”

ಅತ್ತೆಯ ಬೀದಿಯ ತಿರುವಿನಲ್ಲೇ ಟೈಲರ್ ಅಂಗಡಿ. ಟೈಲರ್ ಬಾಯ್ತುಂಬ ಗುಂಡುಪಿನ್ನು ಕಚ್ಚಿಕೊಂಡು ಕೋಟಿನ ತೋಳು ಹಿಡಿದಿದ್ದ. ವಿಷಯ ಕೇಳಿ ಸಂತೋಷವಾಗಿ ತಲೆಯಾಡಿಸಿ, ಅಳತೆ ಪಟ್ಟಿಯನ್ನು ಕೊರಳಿಗೆ ಸುತ್ತಿಕೊಂಡು ಎದ್ದೂಬಿಟ್ಟ. ಅಲ್ಲಿಗೆ ಬಿಟ್ಟಿದ್ದರೆ ಕೆಲಸ ಆಗುತ್ತಿತ್ತು. ಆದರೆ ಅರ್ಧವಕೀಲನಿಗೆ ಅರ್ಥ ಹೇಳದಿದ್ದರೆ ಅನ್ನ ಅರಗುವುದಿಲ್ಲ.

“ಸಾಕ್ಷಿ ಅಂದ್ರೆ ಸುಮ್ಮನೆ ಅಲ್ಲ ಟೈಲರಣ್ಣಾ. ಸಾಕ್ಷಿ ಹಾಕಿದೋನಿಗೆ ಆ ಆಸ್ತಿಯಲ್ಲಿ ಏನೂ ಸಿಗಬಾರದು. ಕಾನೂನು!”

ಟೈಲರ್ ಹಾಗೇ ಕೂತ. ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮೆತ್ತೆಗೆ ಚುಚ್ಚಿದ. “ಹಾಗಾದ್ರೆ ನಾನು ಹಾಕೋ ಹಾಗಿಲ್ಲ. ಆ ಮನೆ ನನಗೇ ಅಂದಿದ್ದಾರಲ್ಲ ಅಮ್ಮ.”

“ನಿನಗಾ?”

“ಹನ್ನೊಂದು ವರ್ಷದಿಂದ ಅವರ ರವಿಕೆ, ದಿಂಬಿನ ಚೀಲ, ಕಿಟಕಿ ಪರದೆ ಎಲ್ಲ ಯಾರು ಹೊಲಿದಿದ್ದು? ‘ಕೊನೆಗೆ ಈ ಮನೆ ನಿನಗೇ ಕಣಪ್ಪ’ ಅಂತ ಬಾಯ್ತುಂಬ ಹೇಳಿದ್ದಾರೆ. ನೀನು ಯಾರ ಹೆಸರಿಗೆ ಬರೆಸ್ತಿದ್ದೀಯ?”

ಅರ್ಧವಕೀಲ ಕಾಗದ ಮಡಚಿಕೊಂಡು ಪಕ್ಕದ ಮನೆಯ ಮೇಷ್ಟ್ರ ಗೇಟು ತೆರೆದ. ಟೈಲರ್ ಅಂಗಡಿಗೆ ಬೀಗ ಹಾಕಿ ಹಿಂದೆಯೇ ಬಂದ. ನಿವೃತ್ತ ಮೇಷ್ಟ್ರು ಕಾಗದವನ್ನು ಕೈಗೆ ತಗೊಂಡವರೇ ಅಭ್ಯಾಸದಂತೆ ಕೆಂಪು ಪೆನ್ನು ಹುಡುಕಿದರು. ಈ ಸಲ ಅರ್ಧವಕೀಲ ತುಟಿ ಹೊಲಿದುಕೊಂಡಿದ್ದ. ಟೈಲರ್ ಹೊಲಿದುಕೊಂಡಿರಲಿಲ್ಲ.

“ಸಾರ್, ಸಹಿ ಹಾಕಿದ್ರೆ ನಿಮಗೆ ಏನೂ ಇಲ್ಲ. ಹುಷಾರು!”

“ಏನೂ ಇಲ್ಲ ಅಂದ್ರೇನು?” ಮೇಷ್ಟ್ರ ಪೆನ್ನು ಗಾಳಿಯಲ್ಲಿ ನಿಂತಿತು. “ಆ ಮನೇಲಿ ನನ್ನ ಪುಸ್ತಕ ಎಲ್ಲ ಇಡಬೇಕು ಅಂತ ಕಪಾಟಿಗೆ ಅಳತೆ ತಗೊಂಡು ಬಂದಿದ್ದೀನಿ ನಾನು! ಪ್ರತಿ ಸಂಜೆ ಪೇಪರ್ ಓದಿ ಹೇಳೋರು ಯಾರು ಆಕೆಗೆ? ಮರಣದ ಕಾಲಂ ಎರಡೆರಡು ಸಲ ಓದಿಸ್ತಾರೆ!”

“ನನ್ನ ಕೈಲೂ ಅಳತೆ ತೆಗೆಸಿದ್ದಾರೆ ಸಾರ್,” ಎಂದ ಟೈಲರ್ ಖಿನ್ನನಾಗಿ.

ಅಷ್ಟರಲ್ಲಿ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಎದುರುಮನೆ ಅಕ್ಕ ಒದ್ದೆ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡೇ ಇಳಿದು ಬಂದಳು. ಅವಳನ್ನು ಯಾರೂ ಕರೆದಿರಲಿಲ್ಲ. ಅವಳಿಗೆ ಯಾವತ್ತೂ ಯಾರೂ ಕರೆಯುವ ಅಗತ್ಯ ಬಿದ್ದಿದ್ದಿಲ್ಲ.

“ಏನ್ರೀ ಅದು, ಅಜ್ಜಿ ಮನೇನ ಅಂಗೈಯಲ್ಲಿ ಇಟ್ಕೊಂಡು ಹರಾಜು ಹಾಕ್ತಿದ್ದೀರಾ? ಎರಡು ಹೊತ್ತು ಊಟ ಕಳಿಸೋಳು ನಾನು. ಮನೆ ನನಗೆ ಅಂತ ಅಜ್ಜಿ ನನ್ನ ತಲೆ ಮುಟ್ಟಿ ಹೇಳಿದ್ದಾರೆ.”

“ನನ್ನ ತಲೇನೂ ಮುಟ್ಟಿದ್ದಾರಮ್ಮ,” ಎಂದರು ಮೇಷ್ಟ್ರು, ಬೋಳುತಲೆಯನ್ನು ಸವರಿಕೊಳ್ಳುತ್ತ.

ಮೂವರೂ ಒಟ್ಟಿಗೆ ಅರ್ಧವಕೀಲನತ್ತ ತಿರುಗಿದರು. ಆಮೇಲೆ ನಾಲ್ವರೂ ಒಟ್ಟಿಗೆ ಬೀದಿಯ ಕೊನೆಯ ಮನೆಯತ್ತ ಹೊರಟರು. ಯಾರೂ ಓಡಲಿಲ್ಲ, ಓಡಿದರೆ ಆಸೆ ಕಾಣುತ್ತದೆ. ಆದರೆ ಅಷ್ಟು ಬಿರುಸಾಗಿ ನಡೆಯುವವರನ್ನು ಆ ಬೀದಿ ಹಿಂದೆ ನೋಡಿರಲಿಲ್ಲ.

ಅತ್ತೆ ಮಂಚದ ಮೇಲೆ ಕೂತು ಆಸ್ಪತ್ರೆಯ ಚೀಲಕ್ಕೆ ಬಟ್ಟೆ ಮಡಚಿಡುತ್ತಿದ್ದಳು. ನಾಲ್ವರೂ ಒಟ್ಟಿಗೆ ಮಾತಾಡಿದ್ದನ್ನು ಸಂಗೀತ ಕೇಳುವವಳಂತೆ ಕಣ್ಣು ಮುಚ್ಚಿ ಕೇಳಿದಳು.

“ಹೌದಪ್ಪ, ಎಲ್ಲರಿಗೂ ಕೊಡ್ತೀನಿ ಅಂದಿದ್ದೆ. ಸತ್ತ ಮೇಲೆ ಅಂದಿದ್ದೆ. ಈಗ ಸತ್ತೆನಾ?”

ಅವಳು ಅರ್ಧವಕೀಲನತ್ತ ಬೆರಳು ತೋರಿದಳು.

“ಇವನಿಗೆ ಬರೆದಿದ್ದು ನಿಜ. ಅಣ್ಣನ ಮಗ, ಹತ್ತಿರದ ರಕ್ತ. ಅಲ್ಲವೋ, ಮತ್ತೆ ಯಾಕೋ ಹೊಸದು?”

ಅರ್ಧವಕೀಲ ತಲೆ ತಗ್ಗಿಸಿ ಎಲ್ಲ ಹೇಳಿದ. ಡಾಕ್ಟರ ಹೆಸರೊಂದನ್ನು ಬಿಟ್ಟು. ಅತ್ತೆಯ ಕಣ್ಣು ಹೊಳೆಯಿತು.

“ಸಾಕ್ಷಿ ಹಾಕಿದವರಿಗೆ ಏನೂ ಸಿಗಲ್ವಾ? ಏನೇನೂ? ಇಷ್ಟು ಒಳ್ಳೇ ಕಾನೂನು ಇದೆ ಅಂತ ಇಷ್ಟು ದಿನ ಯಾಕೋ ಹೇಳಲಿಲ್ಲ ನನಗೆ!” ಅವಳು ಕಾಗದವನ್ನು ಸ್ಟೂಲಿನ ಮೇಲೆ ಹರಡಿ, ಪೆನ್ನು ಇಟ್ಟಳು. “ಹನ್ನೊಂದು ವರ್ಷ ಒಬ್ಬರು ಹೊಲಿದ್ರಿ, ಒಬ್ಬರು ಓದಿದ್ರಿ, ಒಬ್ಬರು ಉಣಿಸಿದ್ರಿ. ನನ್ನ ಮುಖ ನೋಡಿ ಬಂದೋರು ಯಾರು, ಗೋಡೆ ನೋಡಿ ಬಂದೋರು ಯಾರು, ಇವತ್ತಿಗೂ ಗೊತ್ತಾಗಿಲ್ಲ ನನಗೆ. ಬನ್ನಿ, ಎರಡು ಗೆರೆ ಇದೆ. ಯಾರು ಹಾಕ್ತೀರಿ?”

ಟೈಲರ್ ಸೂಜಿ ಬಿದ್ದಿದೆಯೇನೋ ಎಂಬಂತೆ ನೆಲ ನೋಡಿದ. ಮೇಷ್ಟ್ರಿಗೆ ಕನ್ನಡಕ ಮರೆತದ್ದು ನೆನಪಾಯಿತು. ಅದು ಮೂಗಿನ ಮೇಲೇ ಇತ್ತು. ಅಕ್ಕನಿಗೆ ತಾರಸಿಯ ಮೇಲಿನ ಬಟ್ಟೆಯ ಚಿಂತೆ ಹತ್ತಿತು. ಅರ್ಧವಕೀಲ ಬಲಗೈಯನ್ನು ಜೇಬಿನೊಳಗೆ ತುರುಕಿ ಅದುಮಿ ಹಿಡಿದಿದ್ದ.

ಆಗ ಬಾಗಿಲಲ್ಲಿ ಹಲ್ಲಿನ ಡಾಕ್ಟರು ಕಾಣಿಸಿಕೊಂಡರು. ಬಿಳಿ ಕೋಟು, ಒಂದು ಕೈಯಲ್ಲಿ ಇಕ್ಕಳ. ಹಿಂದೆ ಬೀದಿಯ ಪೋಸ್ಟ್‌ಮ್ಯಾನ್, ಕೊರಳಿಗೆ ಕಟ್ಟಿದ ಬಟ್ಟೆ ಸಮೇತ. ಅವನ ಒಂದು ಕೆನ್ನೆ ಮರಗಟ್ಟಿ ಜೋತುಬಿದ್ದಿತ್ತು.

“ಏನಮ್ಮಾ ಇದು ಗಲಾಟೆ? ಕೈ ನಡುಗಿದ್ರೆ ಬೇರೆ ಹಲ್ಲು ಬಂದುಬಿಡುತ್ತೆ ನನಗೆ!”

“ಒಂದು ಸಾಕ್ಷಿ ಸಹಿ ಬೇಕಿತ್ತು ಡಾಕ್ಟ್ರೇ. ಹಾಕಿದ್ರೆ ಈ ಮನೇಲಿ ನಿಮಗೇನೂ ಸಿಗಲ್ಲ, ಮೊದಲೇ ಹೇಳಿದ್ದೀನಿ,” ಎಂದಳು ಅತ್ತೆ.

“ನಿಮ್ಮ ಮನೆ ಕಟ್ಕೊಂಡು ನನಗೇನಮ್ಮಾ? ಈ ಯಪ್ಪನ ದವಡೆ ಹಲ್ಲು ಸಿಕ್ಕರೆ ಸಾಕಾಗಿದೆ. ಇಂಜೆಕ್ಷನ್ ಇಳಿಯೋದರೊಳಗೆ ಕೀಳಬೇಕು. ಎಲ್ಲಿ ಹಾಕಬೇಕು, ಬೇಗ ಹೇಳಿ.” ಅವರು ಬಗ್ಗಿ ಪೆನ್ನು ತಗೊಂಡರು.

ಅರ್ಧವಕೀಲನ ಎದೆಯಲ್ಲಿ ಹಕ್ಕಿ ಹಾಡಿತು. ಇನ್ನೊಂದು ಗೆರೆಗೆ ಪೋಸ್ಟ್‌ಮ್ಯಾನ್ ಇದ್ದಾನೆ. ಬೀದಿಯವರಿಗೆಲ್ಲ ಗುರುತು, ಮಿಗಿಲಾಗಿ, ಬಾಯಿ ತೆರೆದು ಏನನ್ನೂ ಕೇಳುವ ಸ್ಥಿತಿಯಲ್ಲಿಲ್ಲ.

“ನಿಲ್ಲಿ!” ಅತ್ತೆ ಕಾಗದವನ್ನು ಎಳೆದುಕೊಂಡಳು. “ಕೈ ತೆಗೀರಿ ಡಾಕ್ಟ್ರೇ. ನೀವು ಸಹಿ ಹಾಕಿಬಿಟ್ರೆ ನಿಮಗೆ ಕೊಡೋ ಹಾಗಿಲ್ಲವಲ್ಲ! ಹನ್ನೊಂದು ವರ್ಷದಲ್ಲಿ ಇದೇ ಮೊದಲು, ‘ನಿಮ್ಮ ಮನೆ ನನಗೇನು’ ಅಂದೋರನ್ನ ನೋಡಿದ್ದು.” ಕಣ್ಣೊರೆಸಿಕೊಂಡು ಟೈಪು ಮಾಡಿದ್ದನ್ನು ನಾಲ್ಕು ತುಂಡು ಮಾಡಿದಳು. “ಲೋ, ಬಿಳಿ ಹಾಳೆ ತಗೋ. ಕೈಯಲ್ಲೇ ಬರಿ. ಮನೆ, ಡಾಕ್ಟ್ರಿಗೆ.”

“ಅತ್ತೆ...”

“ಬರಿ ಅಂದೆ. ಉಯಿಲು ಜಾರಿ ಮಾಡೋ ಓಡಾಟ ಎಲ್ಲ ಇರುತ್ತಲ್ಲ, ಅದೇನೋ ಹೆಸರಿದೆಯಲ್ಲ...”

“ನಿರ್ವಾಹಕ,” ಎಂದ ಅವನು, ತಡೆಯಲಾಗದೆ.

“ಅದು ನೀನು. ನಿನಗೆ ಕಾನೂನು ಗೊತ್ತು. ಉಳಿದಿದ್ದೆಲ್ಲ, ಕೊಡೆ, ಸ್ಟೂಲು, ಟ್ರಂಕು, ಅದೂ ನಿನಗೇ. ಅಣ್ಣನ ಮಗನ್ನ ಬರಿಗೈಲಿ ಕಳಿಸೋಳಲ್ಲ ನಾನು.”

ಅರ್ಧವಕೀಲ ಬರೆದ. ಬರೆಯದಿದ್ದರೂ ಹಳೆಯ ಉಯಿಲಿನ ಪ್ರಕಾರ ಮನೆ ಡಾಕ್ಟರಿಗೇ, ಬರೆದರೂ ಡಾಕ್ಟರಿಗೇ. ಬೆಳಗಿನಿಂದ ಅವನು ಬೆವರಿಳಿಸಿ ಓಡಾಡಿದ್ದು, ಮನೆಯನ್ನು ಅದು ಇದ್ದ ಜಾಗಕ್ಕೇ ತಲುಪಿಸಲು.

ಅತ್ತೆ ಎಲ್ಲರ ಮುಂದೆ ಸಹಿ ಹಾಕಿದಳು. ಈಗ ಸಾಕ್ಷಿಗೆ ಯಾವ ಅಡ್ಡಿಯೂ ಇರಲಿಲ್ಲ. ಆದರೆ ಟೈಲರ್, “ನಮಗೇನೂ ಇಲ್ಲದ ಕಾಗದಕ್ಕೆ ನಮ್ಮ ಸಹಿ ಯಾಕೆ ಬೇಕಂತೆ?” ಎಂದು ಹೊರಟ. ಮೇಷ್ಟ್ರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. ಅಕ್ಕ, ರಾತ್ರಿ ಊಟ ಬೇರೆಯವರು ನೋಡಿಕೊಳ್ಳಲಿ ಎಂದು ಬಾಗಿಲಲ್ಲಿ ನಿಂತು ಹೇಳಿಯೇ ಇಳಿದಳು. ಪೋಸ್ಟ್‌ಮ್ಯಾನ್ ಮಾತ್ರ, ಇಪ್ಪತ್ತು ವರ್ಷ ಬೇರೆಯವರ ಸಹಿ ಪಡೆದವನು, ಇಂದು ತನ್ನದನ್ನು ಕೇಳಿದರಲ್ಲ ಎಂಬ ಹೆಮ್ಮೆಯಿಂದ ಮೊದಲ ಗೆರೆಯ ಮೇಲೆ ಉದ್ದಕ್ಕೆ ಸಹಿ ಎಳೆದು ಪೆನ್ನನ್ನು ಮುಂದೆ ಚಾಚಿದ. ಡಾಕ್ಟರು ಗಡಿಯಾರ ನೋಡಿಕೊಂಡರು.

ಎರಡನೇ ಗೆರೆ ಖಾಲಿ ಇತ್ತು.

“ಕೊಡಿ ಇಲ್ಲಿ,” ಎಂದಿತು ಅರ್ಧವಕೀಲನ ಬಾಯಿ. ಕೈ ಜೇಬಿನಿಂದ ಹೊರಬಿದ್ದು, ಕೊನೆಯ ಸುಳಿಯೂ ತಪ್ಪದಂತೆ ಸಹಿ ಮುಗಿಸಿ, ಕೆಳಗೆ ತಾರೀಖನ್ನೂ ಹಾಕಿತು.

ಡಾಕ್ಟರು ಪೋಸ್ಟ್‌ಮ್ಯಾನನ್ನು ಎಳೆದುಕೊಂಡು ಹೋದರು. ಒಂದು ನಿಮಿಷದಲ್ಲಿ ಮುಂದಿನ ಕೋಣೆಯಿಂದ ಒಂದು ಕೂಗು ಕೇಳಿಸಿತು. ಹೊರಗೆ ದಪ್ಪ ಹನಿಯ ಮಳೆ ಶುರುವಾಗಿತ್ತು. ಹೆಂಡತಿಗೆ ಏನು ಹೇಳುವುದೆಂದು ಯೋಚಿಸುತ್ತ ಅರ್ಧವಕೀಲ ಚಪ್ಪಲಿ ಮೆಟ್ಟಿದ.

“ಲೋ, ನೆನೆದು ಹೋಗ್ತೀಯ,” ಎಂದು ಅತ್ತೆ ಒಳಗಿನಿಂದ ಕೂಗಿದಳು. “ಮೂಲೇಲಿ ಕೊಡೆ ಇದೆ ನೋಡು. ಹೇಗೂ ನಿನ್ನದೇ ಆಯ್ತಲ್ಲ, ತಗೊಂಡು ಹೋಗು.”

ಅವನು ಕೊಡೆಗೆ ಕೈ ಚಾಚಿದವನು, ಹಾಗೇ ನಿಂತ. ಬಲಗೈಯನ್ನು ಒಮ್ಮೆ ನೋಡಿಕೊಂಡ.

“ಬೇಡ ಅತ್ತೆ,” ಎಂದ. “ನಾನು ಸಾಕ್ಷಿ.”