ಯಂತ್ರಕ್ಕೇನು ಗೊತ್ತು ಯಾರ ಹೆಂಡತಿ ಅಂತ

ಮನುಷ್ಯನಿಗೆ ತಾನು ಮಾಡುವ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಲು ಬರಬೇಕು. ಬರದಿದ್ದರೆ ಆಯುಷ್ಯವಿಡೀ ಸುಸ್ತು. ಮೇಷ್ಟ್ರುಗಳು, ಡಾಕ್ಟರುಗಳು, ಬ್ಯಾಂಕಿನವರು ಈ ವಿಷಯದಲ್ಲಿ ಪುಣ್ಯವಂತರು. ಅಮೆರಿಕದಲ್ಲಿ ನಾವಿರುವ ರೆಡ್‌ಮಂಡ್‌ನ ಎಜುಕೇಶನ್ ಹಿಲ್‌ನಲ್ಲಿ ಕನ್ನಡದವರು ಮೊದಲ ಸಲ ಭೇಟಿಯಾದಾಗ "ಯಾವೂರು?" ಎಂದು ಕೇಳುತ್ತಾರೆ, ಆಮೇಲೆ "ಯಾವ ಟೀಮು?" ಎಂದು. ಯಾವ ಕಂಪನಿ ಎಂದು ಯಾರೂ ಕೇಳುವುದಿಲ್ಲ. ಓವರ್‌ಲೇಕ್‌ನ ಆ ದೊಡ್ಡ ಸಾಫ್ಟ್‌ವೇರ್ ಕಂಪನಿಯನ್ನು ಬಿಟ್ಟು ಬೇರೆ ಕಡೆಯಿಂದಲೂ ಮನುಷ್ಯರಿಗೆ ಸಂಬಳ ಬರಬಹುದೆಂಬ ಅನುಮಾನವೇ ಅವರಿಗಿಲ್ಲ. ನಾನು ಅಲ್ಲಿಲ್ಲ. ಒಂದು ಟೈರಿನ ಅಂಗಡಿಯ ಹಿಂದಿರುವ ಎರಡಂತಸ್ತಿನ ಕಟ್ಟಡದಲ್ಲಿ, ಕ್ಯಾಸಿನೊಗಳಲ್ಲಿ ದುಡ್ಡು ಹಾಕಿ ಜೂಜಾಡುವ ಸ್ಲಾಟ್ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವ ಸಣ್ಣ ಕಂಪನಿಯಲ್ಲಿದ್ದೇನೆ. ಮೈಸೂರಿನಲ್ಲಿರುವ ನನ್ನ ಅಮ್ಮ ಇದನ್ನು "ಕಂಪ್ಯೂಟರ್ ಕೆಲಸ" ಎಂದು ಹೇಳಿ ಬೇಗ ಮಾತು ಬದಲಿಸುತ್ತಾರೆ. ನನ್ನ ಹೆಂಡತಿ ಸುಮನಳ ದೊಡ್ಡಪ್ಪ "ಅಳಿಯಂದಿರು ಮನರಂಜನಾ ಉದ್ಯಮದಲ್ಲಿದ್ದಾರೆ" ಎಂದು ಊರೆಲ್ಲ ಹೇಳಿ, ಆಮೇಲೆ ನನಗೇ ಫೋನ್ ಮಾಡಿ ಯಾವ ಯಾವ ಹೀರೋಯಿನ್ ಪರಿಚಯ ಇದ್ದಾರೆ ಎಂದು ವಿಚಾರಿಸಿದ್ದರು.

ಹೀರೋಯಿನ್ ಹಾಗಿರಲಿ, ಯಂತ್ರ ಮಾಡುವ ಗಮ್ಮತ್ತೂ ನನ್ನ ಪಾಲಿಗಿಲ್ಲ. ಅದು ಬೇರೆಯವರ ಕೆಲಸ. ಅವರು ಮಾಡಿಟ್ಟ ಯಂತ್ರ ಮೋಸ ಮಾಡುತ್ತಿಲ್ಲ ಎಂದು ನಾನಾ ದೇಶದ ಸರ್ಕಾರಗಳಿಗೆ ಕಾಗದದ ಮೂಲಕ ಸಾಬೀತು ಮಾಡುವವನು ನಾನು. ವರ್ಷಗಟ್ಟಲೆ ಇದನ್ನೇ ಮಾಡಿ ಮಾಡಿ, ಬೆಳಿಗ್ಗೆ ಹಲ್ಲುಜ್ಜುವಾಗಲೂ ಯಾರಿಗೋ ಸಮಜಾಯಿಷಿ ಕೊಡುತ್ತಿರುವಂತೆ ಅನ್ನಿಸುತ್ತದೆ. ಯಂತ್ರದ ಒಳಗುಟ್ಟು ಬಹಳ ಸಪ್ಪೆ. ನೀವು ಗುಂಡಿ ಒತ್ತಿದ ಕ್ಷಣದಲ್ಲೇ ಒಳಗೆ ಒಂದು ಸಂಖ್ಯೆ ಹೊರಬಿದ್ದಿರುತ್ತದೆ, ನಿಮ್ಮ ಹಣೆಬರಹ ಮುಗಿದಿರುತ್ತದೆ. ಆಮೇಲೆ ಗರಗರ ತಿರುಗುವ ಚಕ್ರ, ದೀಪ, ಪೀಪಿ ಎಲ್ಲ ಬರೀ ನಾಟಕ. ಫಲಿತಾಂಶ ಗೊತ್ತಿದ್ದೂ ಹೆಡ್ಮಾಸ್ಟರು ನಿಧಾನವಾಗಿ ಕನ್ನಡಕ ಒರೆಸಿಕೊಳ್ಳುವುದಿಲ್ಲವೇ, ಹಾಗೆ. ಆಡುವವರು ಇದನ್ನು ಒಪ್ಪುವುದಿಲ್ಲ. ಬೆಳಗಿನಿಂದ ಕೊಡದ ಯಂತ್ರ ಇನ್ನು ಕೊಟ್ಟೇ ಕೊಡುತ್ತದೆ ಎನ್ನುತ್ತಾರೆ. ಚಕ್ರಗಳಲ್ಲಿ ಒಂದೇ ಸಾಲಿಗೆ ಎರಡು ಚೆರ್ರಿ ಹಣ್ಣಿನ ಚಿತ್ರ ಬಂದು ಮೂರನೆಯದು ಒಂದು ಮನೆ ಕೆಳಗೆ ನಿಂತರೆ, ಕೂದಲೆಳೆಯಲ್ಲಿ ತಪ್ಪಿಹೋಯಿತೆಂದು ಹಣೆ ಚಚ್ಚಿಕೊಳ್ಳುತ್ತಾರೆ. ತಪ್ಪಿದ್ದು ಕೂದಲೆಳೆಯಲ್ಲೂ ಅಲ್ಲ, ಮಾರುದ್ದದಲ್ಲೂ ಅಲ್ಲ. ಸುಮ್ಮನೆ ತಪ್ಪಿದೆ, ಅಷ್ಟೇ.

ಇಷ್ಟು ಸಪ್ಪೆ ವಿಷಯಕ್ಕೆ ಜಗತ್ತಿನ ಸರ್ಕಾರಗಳು ಮಾಡಿಟ್ಟಿರುವ ಕಾನೂನುಗಳನ್ನು ನೋಡಿದರೆ ತಲೆ ತಿರುಗುತ್ತದೆ. ನೆವಾಡದಲ್ಲಿ ಯಂತ್ರ ಕಾಲಾಂತರದಲ್ಲಿ ಕನಿಷ್ಠ ಇಷ್ಟಾದರೂ ವಾಪಸು ಕೊಡಬೇಕೆಂದು ನಿಯಮ; ಹೀಗಾಗಿ ಅಲ್ಲಿ ಸೋಲುವುದಕ್ಕೂ ಒಂದು ಮರ್ಯಾದೆಯಿದೆ. ಬ್ರಿಟನ್ನಿನ ಪಬ್ಬುಗಳ ಕೆಲವು ಯಂತ್ರಗಳು ಹಿಂದಿನ ಆಟಗಳ ಲೆಕ್ಕ ಇಟ್ಟುಕೊಂಡು ಕೊಡಬಹುದು, ಬಿಡಬಹುದು. ಆದರೆ ತಾನು ಅಂಥ ಬುದ್ಧಿಯ ಯಂತ್ರ ಎಂದು ಮೈಮೇಲೆ ಬರೆದುಕೊಂಡಿರಬೇಕು. ಜಪಾನಿನಲ್ಲಿ ಚಕ್ರ ನಿಲ್ಲಿಸುವ ಗುಂಡಿಯನ್ನು ಆಡುವವನ ಕೈಗೇ ಕೊಡುತ್ತಾರೆ, ಸೋತರೆ ತನ್ನನ್ನೇ ಬೈದುಕೊಳ್ಳಲಿ ಎಂದಿರಬೇಕು. ಆಸ್ಟ್ರೇಲಿಯದವರಿಗೆ ಯಂತ್ರದ ಮೇಲೆ ಗಡಿಯಾರ ಕಾಣಬೇಕು, ಮನೆ ಮಠದ ನೆನಪಾಗಲೆಂದು. ನಾರ್ವೆಯಲ್ಲಿ ಸರ್ಕಾರ ಖಾಸಗಿಯವರ ಯಂತ್ರಗಳನ್ನೆಲ್ಲ ತೆಗೆಸಿ, ಸ್ವಲ್ಪ ದಿನ ಬಿಟ್ಟು ತನ್ನದೇ ಯಂತ್ರಗಳನ್ನು ತಂದಿಟ್ಟಿತು. ಎಲ್ಲಕ್ಕಿಂತ ವಿಚಿತ್ರ ನಮ್ಮ ವಾಷಿಂಗ್ಟನ್ ರಾಜ್ಯದ್ದೇ. ಇಲ್ಲಿ ಮೂಲನಿವಾಸಿ ಬುಡಕಟ್ಟುಗಳ ಕ್ಯಾಸಿನೊಗಳಲ್ಲಿ ಮಾತ್ರ ಈ ಯಂತ್ರಗಳಿವೆ, ಅವೂ ತಾವಾಗಿ ಏನನ್ನೂ ನಿರ್ಧರಿಸುವುದಿಲ್ಲ. ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಲಾಟರಿ ಚೀಟಿಗಳ ಕಟ್ಟು ಮೊದಲೇ ತಯಾರಾಗಿರುತ್ತದೆ. ಯಂತ್ರ ಒಂದು ಚೀಟಿ ತರಿಸಿಕೊಂಡು, ಅದಕ್ಕೆ ತಕ್ಕಂತೆ ಚಕ್ರ ತಿರುಗಿಸಿ ತೋರಿಸುತ್ತದೆ. ಹೇಳಿದ್ದನ್ನು ಮಾಡಿ, ಮಾಡಿದ್ದನ್ನು ತನ್ನದೆಂದು ತೋರಿಸಿಕೊಳ್ಳುವ ಆ ಯಂತ್ರವನ್ನು ಕಂಡರೆ ನನಗೆ ಸ್ವಂತ ತಮ್ಮನನ್ನು ಕಂಡಂತಾಗುತ್ತದೆ.

ಇಂಥ ನನ್ನನ್ನು ಒಂದು ಸಾಮಾಜಿಕ ಕಾರ್ಯಕ್ಕೆ ಕರೆದವರು ವತ್ಸಲಕ್ಕ. ಉಡುಪಿ ಕಡೆಯವರು, ಇಲ್ಲೇ ಹತ್ತಿರದ ನ್ಯೂಕ್ಯಾಸಲ್‌ನಲ್ಲಿ ದೊಡ್ಡ ಮನೆ, ಅದಕ್ಕಿಂತ ದೊಡ್ಡ ದನಿ. ಪ್ರತಿ ನವರಾತ್ರಿಗೆ ಅವರ ಬೇಸ್‌ಮೆಂಟಿನಲ್ಲಿ ಕನ್ನಡದ ಹೆಂಗಸರ ಅರಿಸಿನ ಕುಂಕುಮ ನಡೆಯುತ್ತದೆ, ಕೊನೆಗೆ ಒಂದು ಲಕ್ಕಿ ಡ್ರಾ. ಸ್ಟೀಲಿನ ಡಬ್ಬಿಯಲ್ಲಿ ಎಲ್ಲರ ಹೆಸರಿನ ಚೀಟಿ ಹಾಕಿ, ಬಂದವರಲ್ಲಿ ಹಿರಿಯರು ಯಾರೋ ಅವರು ಕಣ್ಣು ಮುಚ್ಚಿ ಒಂದನ್ನು ಎತ್ತುವುದು ಪದ್ಧತಿ. ಹಿಂದಿನ ವರ್ಷ ಹಾಗೆ ಎತ್ತಿದ ಹಿರಿಯರು ತಮ್ಮ ಸೊಸೆಯ ಚೀಟಿಯನ್ನೇ ಎತ್ತಿದ್ದರು; ಕೈಗೆ ತಿಳಿಯಲೆಂದೇ ಆ ಚೀಟಿಯ ಮಡಿಕೆ ದಪ್ಪಗಿತ್ತು ಎಂಬ ಮಾತು ಯುಗಾದಿಯವರೆಗೂ ಓಡಾಡಿತ್ತು. ಮರುವರ್ಷ, ಎರಡು ಸಾವಿರದ ಹದಿನೈದೋ ಹದಿನಾರೋ ಇರಬೇಕು, ನವರಾತ್ರಿ ಹತ್ತಿರ ಬಂದಿತ್ತು. ವತ್ಸಲಕ್ಕ ಫೋನ್ ಮಾಡಿದರು. "ಶ್ರೀಧರ್, ನಿಮ್ಮದು ಇದೇ ಕೆಲಸ ಅಲ್ವಾ ಮಾರಾಯ್ರೆ? ಈ ಸಲ ನೀವೊಂದು ಮೆಷಿನ್ ಮಾಡಿ ಕೊಡಿ. ಯಾರೂ ಎಂತ ಹೇಳ್ಲಿಕ್ಕೂ ಆಗ್ಬಾರ್ದು" ಎಂದರು. ಕೆಲಸಕ್ಕೆ ಸೇರಿದ ಹದಿಮೂರು ವರ್ಷದಲ್ಲಿ ಮೊದಲ ಸಲ ನನ್ನ ಉದ್ಯೋಗಕ್ಕೆ ಸಮಾಜದಲ್ಲಿ ಒಂದು ಸ್ಥಾನ ಸಿಕ್ಕಿತ್ತು. ನನಗೆ ಕಣ್ಣು ತುಂಬಿ ಬರುವುದೊಂದು ಬಾಕಿ.

ಎರಡು ಶನಿವಾರ ಕೂತು ಲ್ಯಾಪ್‌ಟಾಪಿನಲ್ಲಿ ಒಂದು ಯಂತ್ರ ಮಾಡಿದೆ. ನಲವತ್ತೆರಡು ಹೆಸರು, ಒಂದು ಗುಂಡಿ, ತಿರುಗುವ ಚಕ್ರ, ಹಿಂದೆ ನಾದಸ್ವರ. ಹೆಸರುಗಳು ಕಮಲದ ಹೂವಿನ ಚೌಕಟ್ಟಿನೊಳಗೆ ಸರಸರ ಓಡಿ, ನಿಧಾನವಾಗಿ, ಇನ್ನೇನು ನಿಂತಿತು ಎನ್ನುವಾಗ ಒಂದು ಹೆಜ್ಜೆ ಜಾರಿ ನಿಲ್ಲುವಂತೆ ಮಾಡಿದೆ. ಆ ಜಾರುವುದು ನನ್ನದೇ ಕಲೆಗಾರಿಕೆ. ಲಕ್ಷ ಸಲ ಓಡಿಸಿ ನೋಡಿದೆ; ನಲವತ್ತೆರಡು ಹೆಂಗಸರೂ ಹೆಚ್ಚುಕಡಿಮೆ ಸಮಸಮ ಗೆದ್ದರು. ಅಷ್ಟರಲ್ಲಿ ಸುಮನ ಕಾಫಿ ತಂದಿಟ್ಟು ತೆರೆಯ ಕಡೆ ನೋಡುತ್ತ, "ನನ್ನ ಹೆಸರೂ ಹಾಕಿದೀರಾ?" ಎಂದಳು. "ಹಾಕ್ದೆ ಇರ್ತೀನಾ? ನನಗೆ ಎಲ್ಲರೂ ಒಂದೇ" ಎಂದೆ, ಬಹಳ ಗಂಭೀರವಾಗಿ. ಅವಳು ಬೆಳಗಿನ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಸುಮನಳಿಗೆ ಹುಟ್ಟಿದಾರಭ್ಯ ಯಾವ ಅದೃಷ್ಟದ ಆಟದಲ್ಲೂ ಏನೂ ಬಂದಿಲ್ಲ. ಮದುವೆಗೆ ಮುಂಚೆ ಒಂದು ತಂಬೋಲದಲ್ಲಿ ಸಮಾಧಾನಕರ ಬಹುಮಾನವೆಂದು ಒಂದು ಬಾಚಣಿಗೆ ಬಂದಿತ್ತು, ಅದರಲ್ಲೂ ಎರಡು ಹಲ್ಲು ಇರಲಿಲ್ಲ. ಈ ಸಲದ ಬಹುಮಾನ ವತ್ಸಲಕ್ಕ ಊರಿನಿಂದ ತಂದಿದ್ದ ಒಂದು ಬೆಳ್ಳಿಯ ದೀಪ, ಹಿಂಬದಿಗೆ ಪುಟ್ಟ ಗಿಳಿ ಕೂತಿದ್ದು. ಅದರ ಫೋಟೋ ವಾಟ್ಸ್ಯಾಪಿನಲ್ಲಿ ಬಂದಾಗ ಸುಮನ "ಚೆನ್ನಾಗಿದೆ" ಎಂದಿದ್ದಳು. ನಾನು "ಹೂಂ" ಎಂದಿದ್ದೆ.

ಭಾನುವಾರ ಮಧ್ಯಾಹ್ನ ಹೋದೆವು. ಗಂಡಸರೆಲ್ಲ ಮೇಲಿನ ಕೋಣೆಯಲ್ಲಿ ಚಕ್ಕುಲಿ ತಿನ್ನುತ್ತ ಫುಟ್‌ಬಾಲ್ ನೋಡುತ್ತಿದ್ದರು. ನನಗೊಬ್ಬನಿಗೆ ಬೇಸ್‌ಮೆಂಟಿನಲ್ಲಿ, ಬೊಂಬೆಗಳ ಪಕ್ಕದಲ್ಲಿ, ಲ್ಯಾಪ್‌ಟಾಪ್ ಜೋಡಿಸಿದ್ದ ಟಿವಿಯ ಮುಂದೆ ಕುರ್ಚಿ. ರೇಷ್ಮೆ ಸೀರೆಗಳ ನಡುವೆ ನಾನೂ ಒಂದು ಬೊಂಬೆಯಂತೆ ಕೂತೆ. ಗುಂಡಿ ಒತ್ತಿದೆ. ನಾದಸ್ವರ ಮೊಳಗಿತು, ಹೆಸರುಗಳು ಓಡಿದವು, ನಿಧಾನವಾದವು, ಗಾಯತ್ರಿ ಎಂಬವರ ಹೆಸರಿನ ಮೇಲೆ ಬಂದು ತೂಗಿದವು. ಗಾಯತ್ರಿಯವರು ಸೆರಗು ಸರಿಮಾಡಿಕೊಂಡು ಅರ್ಧ ಎದ್ದೂ ಆಯಿತು. ಆಗ ಚಕ್ರ ಒಂದು ಹೆಜ್ಜೆ ಜಾರಿ ಸುಮನಳ ಮೇಲೆ ನಿಂತಿತು.

ನಾದಸ್ವರ ಮಾತ್ರ ಮೊಳಗುತ್ತಿತ್ತು. ಅದನ್ನು ನಿಲ್ಲಿಸುವ ಗುಂಡಿ ನನಗೆ ಸಿಗಲಿಲ್ಲ. ಯಾರೋ ಒಬ್ಬರು ಚಪ್ಪಾಳೆಗೆಂದು ಕೈಯೆತ್ತಿ ಹಾಗೇ ಇಳಿಸಿದರು. "ನನ್ನ ಹೆಸರಲ್ಲಿ ನಿಂತೇಬಿಟ್ಟಿತ್ತು, ಆಮೇಲೆ ಜಾರ್ತು ಅಲ್ವಾ?" ಎಂದು ಗಾಯತ್ರಿಯವರು ಪಕ್ಕದವರನ್ನು ಕೇಳಿದರು. ಹಿಂದಿನ ಸಾಲಿನಿಂದ "ಮನೆಯವ್ರೇ ಮೆಷಿನ್ ಮಾಡಿದ್ಮೇಲೆ ಇನ್ನೇನ್ರೀ" ಎಂದು ಒಂದು ದನಿ, ಅದಕ್ಕೆ ನಗು. ಆಗ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಎದ್ದು ನಿಂತು, ಗುಂಡಿ ಒತ್ತಿದ ಕ್ಷಣವೇ ಫಲಿತಾಂಶ ಆಗಿಹೋಗಿರುತ್ತದೆ, ಜಾರುವುದೆಲ್ಲ ಬರೀ ಶೋಭೆಗೆ ಎಂದು ನೆವಾಡದಿಂದ ಶುರುಮಾಡಿದೆ. ನಾನು ಜಪಾನಿಗೆ ಬರುವಷ್ಟರಲ್ಲಿ ವತ್ಸಲಕ್ಕ ನನ್ನ ಮೇಲಿನ ಕರುಣೆಯಿಂದ, "ಆಯ್ತು ಬಿಡಿ ಮಾರಾಯ್ರೆ, ಇನ್ನೊಂದ್ಸಲ ಒತ್ತಿಬಿಡಿ, ಮುಗೀತಲ್ಲ" ಎಂದರು. ಯಾವ ಸಂಸಾರಸ್ಥನೂ ಒತ್ತಿಬಿಡುತ್ತಿದ್ದ. ಆದರೆ ಬಂದ ಫಲಿತಾಂಶ ಹಿಡಿಸಲಿಲ್ಲವೆಂದು ಮತ್ತೆ ಒತ್ತುವುದು ನಮ್ಮ ವೃತ್ತಿಯಲ್ಲಿ ಮಹಾಪಾತಕ. "ಇಲ್ಲ ವತ್ಸಲಕ್ಕ, ಹಾಗೆ ಮಾಡೋ ಹಾಗಿಲ್ಲ. ಬಂದಿದ್ದು ಬಂತು, ಅಷ್ಟೇ" ಎಂದೆ. ದೀಪವನ್ನು ಎರಡು ಕೈಯಲ್ಲಿ ತಬ್ಬಿಕೊಂಡು ಹೇಳಿದ್ದರೂ ಅದು ಇಷ್ಟು ಕೆಟ್ಟದಾಗಿ ಕೇಳಿಸುತ್ತಿರಲಿಲ್ಲ. ಮಗಳು ಅನಘಾಳಿಗೆ ಆಗ ಹದಿನಾಲ್ಕು, ಪಾನಕದ ಲೋಟ ಹಿಡಿದು ನಿಂತಿದ್ದವಳು ಎಲ್ಲರಿಗೂ ಕೇಳುವಂತೆ ಹೇಳಿದಳು: "ಅಪ್ಪಾ, ವೈ ವಾಸ್ ಅಮ್ಮ ಈವನ್ ಆನ್ ದ ಲಿಸ್ಟ್? ಕ್ಯಾಸಿನೊಗೆ ಊಟಕ್ಕೆ ಹೋದ್ರೆ ಯು ಡೋಂಟ್ ಲೆಟ್ ಅಸ್ ಟಚ್ ಎನಿಥಿಂಗ್!"

ಮಾಡಿದವರ ಮನೆಯವರು ಆಡುವಂತಿಲ್ಲ. ನಮ್ಮ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ದಿನ ಸಹಿ ಮಾಡಿಸಿಕೊಳ್ಳುವ ಮೊದಲ ಕಾಗದ ಅದು. ಹೊಸದಾಗಿ ಬಂದವರಿಗೆ ಅದನ್ನು ವಿವರಿಸಿ ಹೇಳುವ ಜವಾಬ್ದಾರಿಯೂ ನನ್ನದೇ. ನಲವತ್ತೆರಡು ಹೆಸರು ಟೈಪು ಮಾಡುವಾಗ ಹದಿನೇಳನೆಯದಾದ ನನ್ನ ಹೆಂಡತಿಯ ಹೆಸರಿಗೆ ಆ ನಿಯಮ ತಗಲುತ್ತದೆಂದು ನನಗೆ ಹೊಳೆಯಲೇ ಇಲ್ಲ. ಎಲ್ಲರೂ ಒಂದೇ ಎಂಬ ಹೆಮ್ಮೆಯಲ್ಲಿದ್ದೆ. ಮನೆಗೆ ಬಂದ ಮೇಲೆ ದೀಪ ತನ್ನ ಡಬ್ಬಿಯಲ್ಲೇ ಊಟದ ಮೇಜಿನ ಮೇಲೆ ಕೂತಿತು. ಹೆಂಗಸರ ವಾಟ್ಸ್ಯಾಪ್ ಗುಂಪಿನಲ್ಲಿ ಅಭಿನಂದನೆಗಳು ಬಂದವು, ಪ್ರತಿಯೊಂದರ ಕೊನೆಗೂ ಕಣ್ಣು ಹೊಡೆಯುವ ಹಳದಿ ಮುಖ. ಹತ್ತು ವರ್ಷದಿಂದ ಆ ಹೆಂಗಸರ ನಡುವೆ ಮರ್ಯಾದೆಯಿಂದ ಇದ್ದ ಸುಮನಳಿಗೆ ನನ್ನಿಂದ ಹೀಗಾಯಿತಲ್ಲ ಎಂದು ನಿಜಕ್ಕೂ ಸಂಕಟವಾಯಿತು. ಸಂಕಟವಾದಾಗ ನನಗೆ ಗೊತ್ತಿರುವುದು ಒಂದೇ ವಿದ್ಯೆ. ವರದಿ ಬರೆಯಲು ಕೂತೆ.

ವಿಚಿತ್ರವೆಂದರೆ ಆ ನಾಲ್ಕು ದಿನವೂ ಸುಮನ ಒಂದು ಮಾತೂ ಬಯ್ಯಲಿಲ್ಲ. ಸೋಮವಾರ ಅಕ್ಕಿರೊಟ್ಟಿ ಮಾಡಿದಳು. ಮಂಗಳವಾರ, ಫ್ರೀಜರಿನ ತಳದಲ್ಲಿ ಯಾವುದೋ ಶುಭದಿನಕ್ಕೆಂದು ಕಾಪಾಡಿಕೊಂಡಿದ್ದ ಅವರೆಕಾಳು ಹೊರಗೆ ಬಂತು. ಬುಧವಾರ ನನ್ನ ಅಂಗಿಯ ಕಾಲರು ಸರಿಮಾಡಿ, "ಮಳೆ ಇದೆ, ಹುಷಾರಾಗಿ ಡ್ರೈವ್ ಮಾಡಿ" ಎಂದಳು. ಸಿಯಾಟಲ್ ಕಡೆ ಅಕ್ಟೋಬರಿನಲ್ಲಿ ಮಳೆಯಿದೆ ಎಂದು ಯಾರೂ ಯಾರಿಗೂ ಹೇಳುವುದಿಲ್ಲ. ಪಾಪ, ಅವಮಾನವನ್ನು ನುಂಗಿಕೊಂಡು ನನಗೆ ಧೈರ್ಯ ತುಂಬುತ್ತಿದ್ದಾಳೆ ಎಂದುಕೊಂಡೆ. ವರದಿಗೆ ಇನ್ನೆರಡು ಪುಟ ಸೇರಿಸಿದೆ.

ಗುರುವಾರ ಸಂಜೆ ಎಂಟು ಪುಟದ ಆ ವರದಿಯನ್ನು ಅವಳ ಮುಂದಿಟ್ಟೆ. ಗುಂಡಿ ಒತ್ತಿದ ಕ್ಷಣ, ಬಂದ ಸಂಖ್ಯೆ, ಲಕ್ಷ ಸಲದ ಪರೀಕ್ಷೆ, ಮನುಷ್ಯನ ಕೈವಾಡ ಇಲ್ಲವೆಂಬುದಕ್ಕೆ ಸಾಕ್ಷಿ, ಎಲ್ಲ ಇತ್ತು. "ವತ್ಸಲಕ್ಕನಿಗೆ ಕಳಿಸ್ತೀನಿ. ಮೊದಲು ನೀನು ನೋಡು" ಎಂದೆ. ಅವಳು ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ಓದಿದಳು. ನನ್ನ ವರದಿಯನ್ನು ಅಷ್ಟು ಶ್ರದ್ಧೆಯಿಂದ ಯಾವ ಸರ್ಕಾರವೂ ಓದಿದ್ದಿಲ್ಲ.

"ಹಾಗಾದ್ರೆ ನೀವು ಏನೂ ಮಾಡಿಲ್ವಾ?" ಎಂದಳು.

"ಇಲ್ಲ ಕಣೆ, ನಿನ್ನಾಣೆಗೂ ಇಲ್ಲ."

"ಸ್ವಲ್ಪವೂ?"

"ಒಂದು ಚೂರೂ ಇಲ್ಲ. ಐದನೇ ಪುಟ ನೋಡು."

ಅವಳು ಮತ್ತೆ ಐದನೇ ಪುಟ ನೋಡಲಿಲ್ಲ. ಕನ್ನಡಕ ತೆಗೆದು ಮಡಚಿಟ್ಟಳು. "ಆ ದೀಪದ ಫೋಟೋ ನಾನು ಮತ್ತೆ ಮತ್ತೆ ತೆಗೆದು ನೋಡ್ತಿದ್ದಿದ್ದು ನಿಮ್ಮ ಕಣ್ಣಿಗೆ ಬಿದ್ದಿತ್ತು ಅಂದ್ಕೊಂಡಿದ್ದೆ. ಅಷ್ಟು ಜನದ ಮುಂದೆ ಇನ್ನೊಂದ್ಸಲ ಒತ್ತಲ್ಲ ಅಂತ ಹಟ ಹಿಡಿದ್ರಲ್ಲ, ಅದೂ ನನಗೋಸ್ಕರ ಅಂದ್ಕೊಂಡೆ. ಹದಿನೇಳು ವರ್ಷದಲ್ಲಿ ಒಂದ್ಸಲ ಆದ್ರೂ ನನಗೋಸ್ಕರ ಒಂದು ತಪ್ಪು ಕೆಲಸ ಮಾಡಿದ್ರಲ್ಲ ಅಂತ..." ಅಲ್ಲಿಗೆ ನಿಲ್ಲಿಸಿ ದೀಪದ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. "ವಾಪಸ್ ಕೊಟ್ಬಿಡೋಣ. ಮೆಷಿನ್ ಕೊಟ್ಟಿದ್ದು ನನಗ್ಯಾಕೆ? ನಾನು ಯಾರು ಅಂತ ಅದಕ್ಕೇನು ಗೊತ್ತು?"

ನನಗೆ ಬಹಳ ನಾಚಿಕೆಯಾಯಿತು. ಯಾರ ಮುಂದೆ ತಪ್ಪಿತಸ್ಥನಾಗಿದ್ದರೆ ಅವರೆಕಾಳು ಸಿಗುತ್ತಿತ್ತೋ, ಅವಳ ಮುಂದೆಯೇ ಹುಡುಕಿ ಹುಡುಕಿ ಪುರಾವೆ ತಂದು ನಿರಪರಾಧಿಯಾಗಿದ್ದೆ. ವರದಿಯನ್ನು ಯಾರಿಗೂ ಕಳಿಸಲಿಲ್ಲ.

ಶನಿವಾರ ಬೆಳಿಗ್ಗೆ ಇಬ್ಬರೂ ನ್ಯೂಕ್ಯಾಸಲ್‌ಗೆ ಹೋದೆವು. ದಾರಿಯುದ್ದಕ್ಕೂ ಸುಮನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು. ವತ್ಸಲಕ್ಕ ಬಾಗಿಲು ತೆಗೆದವರು ಡಬ್ಬಿ ನೋಡಿ, "ಇದೆಂತ ಮಾರಾಯ್ತಿ? ಯಾರೋ ತಮಾಷೆಗೆ ಎಂತದೋ ಹೇಳಿದ್ದಕ್ಕೆ ವಾಪಸ್ ಕೊಡುದಾ?" ಎಂದರು. ಸುಮನ ಡಬ್ಬಿಯನ್ನು ಇನ್ನಷ್ಟು ಮುಂದೆ ಚಾಚಿದಳು. ನನ್ನ ಬಾಯಿಂದ, ನಾನು ತಡೆಯುವಷ್ಟರಲ್ಲಿ, ಮಾತು ಹೊರಬಿತ್ತು: "ಇಲ್ಲ ವತ್ಸಲಕ್ಕ, ತಮಾಷೆ ಅಲ್ಲ. ನಾನೇ ಮಾಡಿದ್ದು. ಇವಳಿಗೆ ಆ ದೀಪ ಬಹಳ ಇಷ್ಟ ಆಗಿತ್ತು."

ಹದಿಮೂರು ವರ್ಷದ ವೃತ್ತಿಜೀವನದಲ್ಲಿ ನಾನು ಹೇಳಿದ ಮೊದಲ ಸುಳ್ಳು ಹೇಳಿಕೆ ಅದು. ವತ್ಸಲಕ್ಕ ಕಣ್ಣರಳಿಸಿ ನನ್ನನ್ನು ನೋಡಿ, ಸುಮನಳನ್ನು ನೋಡಿ, "ಅಯ್ಯೋ ದೇವರೇ, ನಮ್ಮವ್ರು ಇಷ್ಟು ವರ್ಷದಲ್ಲಿ ನನಗೋಸ್ಕರ ಒಂದು ರೆಡ್ ಲೈಟ್ ಸಹ ಹಾರಿಸ್ಲಿಲ್ಲ!" ಎಂದು ಜೋರಾಗಿ ನಕ್ಕರು. ಸುಮನಳಿಗೆ ಕುಂಕುಮ ಕೊಟ್ಟರು, ಹೂ ಕೊಟ್ಟರು, ಬಾಳೆಹಣ್ಣು ಕೊಟ್ಟರು. ದೀಪದ ಡಬ್ಬಿಯನ್ನು ಮಾತ್ರ, ನ್ಯಾಯವೆಂದರೆ ನ್ಯಾಯ ಎಂದು, ಒಳಗಿಟ್ಟುಕೊಂಡರು. ಮುಂದಿನ ವಾರ ಚೀಟಿ ಎತ್ತಿಸಿ ಅದು ಗಾಯತ್ರಿಯವರ ಮನೆಗೆ ಹೋಯಿತೆಂದು ಆಮೇಲೆ ತಿಳಿಯಿತು.

ಕಾರಿನಲ್ಲಿ ಬಂದು ಕೂತೆವು. ಎಂಟೂ ಪುಟ ಓದಿದವಳು ಅವಳು. ನಾನು ಹೇಳಿದ್ದು ಅಪ್ಪಟ ಸುಳ್ಳೆಂದು ಇಡೀ ವಾಷಿಂಗ್ಟನ್ ರಾಜ್ಯದಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಬೆಲ್ಟು ಹಾಕಿಕೊಂಡು, ಕೈಯಲ್ಲಿದ್ದ ಹೂವನ್ನು ಮುಡಿದುಕೊಂಡು, ನನ್ನ ಕಡೆ ತಿರುಗಿದಳು. ನಾನು ಹೊಗಳಿಕೆಗೆ ಸಿದ್ಧನಾದೆ.

"ಇದೇ ಮಾತನ್ನ ಮೊನ್ನೆ ಮನೇಲಿ ಹೇಳಿದ್ರೆ ದೀಪ ಆದ್ರೂ ಉಳೀತಿತ್ತಲ್ರೀ" ಎಂದಳು.